ನಾಲ್ಕನೆಯ ತಲೆ

ಸೆಪ್ಟೆಂಬರ್ ೯, ಮಂಗಳವಾರ

…ಅಥವಾ "ತಲೆ ಕಂಡ್ರೆ ಸಾಕು" ಎಂದನೋ, "ತಲೆ ಇದ್ರೆ ಸಾಕು" ಎಂದನೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ವೇಯ್ನ್ ಗ್ರೋಟ್‌ನ ಬಾಯಲ್ಲಿ ಯಾವಾಗಲೂ ಸೂರ್ಯಕಾಂತಿ ಬೀಜ ಇರುತ್ತದೆ. ಮಾತಿನ ಅರ್ಧ ಸಿಪ್ಪೆಯ ಜೊತೆ ಹೊರಗೆ ಹೋಗುತ್ತದೆ. ಅವನು ನಮ್ಮ ಶಾಲೆಯ ಪ್ರಿನ್ಸಿಪಾಲ. ಬಸ್ಸು ಓಡಿಸುವವನೂ ಫುಟ್‌ಬಾಲ್ ಕಲಿಸುವವನೂ ಅವನೇ. ನಾನು ಗ್ರಂಥಾಲಯ ನೋಡಿಕೊಳ್ಳುವವಳು, ಈ ವರ್ಷದಿಂದ ಕಾಲೇಜು ತರಗತಿಗೆ ಮೇಲ್ವಿಚಾರಕಿ ಕೂಡ. ಮೇಲ್ವಿಚಾರಕಿ ಎಂದರೆ ಟಿವಿ ಹಚ್ಚುವುದು, ಆರಿಸುವುದು, ನಡುವೆ ಮೂಲೆಯಲ್ಲಿ ಕೂತಿರುವುದು.

ಹಿಂದೆ ಅಡುಗೆ ಕಲಿಸುತ್ತಿದ್ದ ಕೋಣೆಯಲ್ಲಿ ತರಗತಿ. ಒಲೆಗಳನ್ನು ಕಿತ್ತಿಲ್ಲ, ಮೇಲೆ ಹಲಗೆ ಹೊದಿಸಿದ್ದಾರೆ. ಮಂಗಳವಾರ ಮತ್ತು ಗುರುವಾರ, ಮೂರು ಗಂಟೆ ಹಾದಿಯಾಚೆಯ ಕಾಲೇಜಿನಿಂದ ಡಾಕ್ಟರ್ ಪೆಲ್ಹಮ್ ಎಂಬಾಕೆ ಪರದೆಯ ಮೇಲೆ ಬಂದು ಪ್ರಬಂಧ ಬರೆಯುವುದನ್ನು ಕಲಿಸುತ್ತಾರೆ. ಕಲಿಯುವವರು ಇನ್ನೂ ಹೈಸ್ಕೂಲು ಮುಗಿಸದ ಮಕ್ಕಳು. ಪಾಸಾದರೆ ಕಾಲೇಜಿನ ಕ್ರೆಡಿಟ್ಟು ಈಗಲೇ ಸಿಗುತ್ತದೆ, ಮುಂದಿನ ವರ್ಷ ಅಲ್ಲಿಗೆ ಹೋಗುವಾಗ ಅಷ್ಟು ಕಾಲವನ್ನು ಆಗಲೇ ಬದುಕಿ ಮುಗಿಸಿದ ಹಾಗೆ. ಐದು ಊರಿನ ಶಾಲೆಗಳು, ಪರದೆಯ ಮೇಲೆ ಐದು ಚೌಕ. ಒಂದೆರಡು ದಿನದ ಗೈರುಹಾಜರಿ ನಡೆಯುತ್ತದೆ, ಆದರೆ ಒಂದು ಊರಿನಲ್ಲಿ ಕಲಿಯುವವರೇ ನಾಲ್ವರಿಗಿಂತ ಕಡಿಮೆಯಾದರೆ ಆ ಊರಿನ ಚೌಕವನ್ನು ಆರಿಸಿಬಿಡುತ್ತಾರೆ. ನಮ್ಮೂರು ಕೋಲ್ಟರ್ ಫ್ಲಾಟಿನಲ್ಲಿ ಇದ್ದದ್ದೇ ನಾಲ್ವರು.

ಈಗ ಮೂವರು. ಡೀನಾ ಹ್ರೂಬಿಯ ತಾಯಿ ಎಲ್ಲಿಂದಲೋ ಬಂದು, ಒಂದು ವಾರಕ್ಕೆಂದು ಮಗಳನ್ನು ಪಶ್ಚಿಮಕ್ಕೆ, ವಯೋಮಿಂಗಿಗೆ ಕರೆದುಕೊಂಡು ಹೋದವಳು ಇನ್ನೂ ತಂದು ಬಿಟ್ಟಿಲ್ಲ. ಡೀನಾಳನ್ನು ಸಾಕಿದ್ದು ಅಜ್ಜಿ ಆಗ್ನೆಸ್. "ಬರ್ತಾಳೆ, ಕೋಟು ಇಲ್ಲೇ ಬಿಟ್ಟು ಹೋಗಿದಾಳೆ" ಎಂದಳು ಫೋನಿನಲ್ಲಿ.

ಜೋಲೀನ್ ವೆಸೆಲಿ ಗ್ರಂಥಾಲಯಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಅವಳಿಗೆ ನರ್ಸಿಂಗ್ ಶಾಲೆಯಲ್ಲಿ ಜಾಗ ಸಿಕ್ಕಿದೆ. ಆದರೆ ಈ ಕ್ರೆಡಿಟ್ಟು ಡಿಸೆಂಬರಿನೊಳಗೆ ಕೈಯಲ್ಲಿದ್ದರೆ ಮಾತ್ರ. "ಚೌಕ ಆರಿಸಿದ್ರೆ ನಾನು ಅಪ್ಪನ ಹಸುಗಳಿಗೆ ಹೆರಿಗೆ ಮಾಡಿಸ್ಕೊಂಡು ಇಲ್ಲೇ ಇರ್ಬೇಕು, ಮಿಸೆಸ್ ಆಂಡ್ರಿಸ್" ಎಂದು ನಕ್ಕಳು. ನಗು ಮುಗಿದ ಮೇಲೂ ತುಟಿ ಅದೇ ಆಕಾರದಲ್ಲಿ ಉಳಿದಿತ್ತು.

ವೇಯ್ನ್‌ಗೆ ಇದೆಲ್ಲ ಹೊಸದಲ್ಲ. ಫುಟ್‌ಬಾಲ್ ತಂಡಕ್ಕೆ ಹುಡುಗರು ಸಾಲದ ವರ್ಷ ಅಡುಗೆಯವಳ ಮಗಳಿಗೆ ಸಮವಸ್ತ್ರ, ಶಿರಸ್ತ್ರಾಣ ತೊಡಿಸಿ ಬೆಂಚಿನ ಮೇಲೆ ಕೂರಿಸಿದ್ದ. ತೀರ್ಪುಗಾರ ತಲೆ ಎಣಿಸಿ ಸೀಟಿ ಊದಿದ. ಅಂಚೆ ಕಚೇರಿಗೆ, ಚರ್ಚಿಗೆ, ಶಾಲೆಗೆ ಯಾರಾದರೂ ಬಂದು ನಮ್ಮ ತಲೆಗಳನ್ನು ಎಣಿಸುತ್ತಲೇ ಇರುತ್ತಾರೆ. ಎಣಿಕೆ ಸರಿ ಬರುವ ಹಾಗೆ ನೋಡಿಕೊಳ್ಳುವುದು ಇಲ್ಲಿ ಯಾರಿಗೂ ಸುಳ್ಳು ಅನಿಸುವುದಿಲ್ಲ. ನನಗೂ ಅನಿಸಲಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಆಗ್ನೆಸ್ ಕೇಳಿದೊಡನೆ ಕೋಟು ಕೊಟ್ಟಳು, ಯಾಕೆಂದು ಕೇಳಲಿಲ್ಲ. ಶಾಲೆಯ ಹಸಿರು ಕೋಟು, ಎದೆಯ ಮೇಲೆ ಹೆಸರು ಹೊಲಿದಿದೆ. ಹಿಂದಿನ ಸಾಲಿನ ಕುರ್ಚಿಗೆ ತೊಡಿಸಿ, ಒಳಗೆ ಎರಡು ದಿಂಬು ಇಟ್ಟು, ಮೇಲೆ ಉಲ್ಲನ್ ಟೋಪಿ ಸಿಕ್ಕಿಸಿದೆವು. ಟಿವಿಯಲ್ಲಿ ನಮ್ಮ ಚೌಕ ಅಂಗೈಯಷ್ಟು. ಚಿತ್ರ ಆಗಾಗ ಹೆಂಚಿನ ಹಾಗೆ ಒಡೆಯುತ್ತದೆ. ಅದರಲ್ಲಿ ಜೋಲೀನ್ ಯಾರು, ಕುರ್ಚಿ ಯಾರು ಎಂದು ನನಗೇ ಗೊತ್ತಾಗಲಿಲ್ಲ.

"ಕೋಲ್ಟರ್ ಫ್ಲಾಟ್, ನಾಲ್ಕು" ಎಂದರು ಡಾಕ್ಟರ್ ಪೆಲ್ಹಮ್. ಅವರ ದನಿ ತುಟಿಗಿಂತ ಒಂದು ಉಸಿರು ತಡವಾಗಿ ಬರುತ್ತದೆ.

ಟ್ರೆವ್ ಓಸ್ಟರ್‌ಮನ್‌ಗೆ ತಡೆಯಲಾಗಲಿಲ್ಲ. "ಏನೇ ಡೀನಾ, ಇವತ್ತು ತುಂಬಾ ಮೆತ್ತಗಿದೀಯಲ್ಲ" ಎಂದು ದಿಂಬನ್ನು ತಿವಿದ. ಬ್ರೈಸ್ ಎಂಬ ಇನ್ನೊಬ್ಬ ಹುಡುಗ ಬಾಯಿಗೆ ತೋಳು ಅಡ್ಡ ಇಟ್ಟುಕೊಂಡು ನಕ್ಕ.

ನನ್ನ ಮೂಲೆ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಅದು ನನಗೆ ಹಿತವಾಗಿದೆ.

ಸೆಪ್ಟೆಂಬರ್ ೨೩, ಮಂಗಳವಾರ

ಇವತ್ತು ಡೀನಾಳನ್ನು ಹೆಸರು ಹಿಡಿದು ಕೇಳಿದರು. "ಡೀನಾ, ನಿಮ್ಮೂರಲ್ಲಿ ನೀನು ದಿನಾ ನೋಡೋ, ಆದ್ರೆ ಯಾವತ್ತೂ ಗಮನಿಸದೆ ಇರೋ ವಸ್ತು ಯಾವ್ದು?"

ಮಾತಾಡಬೇಕಾದರೆ ಮೇಜಿನ ಮೈಕಿನ ಗುಂಡಿ ಒತ್ತಬೇಕು. ಒತ್ತಿದವರ ಕಡೆಗೆ ಕ್ಯಾಮೆರಾ ತಾನೇ ತಿರುಗುತ್ತದೆ. ಟ್ರೆವ್ ಬಗ್ಗಿ, ಡೀನಾಳ ಗುಂಡಿ ಒತ್ತಿ, ಹೆಣ್ಣು ದನಿ ಮಾಡಿಕೊಂಡು "ಗಂಟಲು ಕಟ್ಟಿದೆ ಮೇಡಂ" ಎಂದ. ಕ್ಯಾಮೆರಾ ಕುರ್ಚಿಯ ಕಡೆ ತಿರುಗಿ ನಿಂತಿತು. ಪರದೆಯ ತುಂಬ ಹಸಿರು ಕೋಟು.

"ಬಿಸಿನೀರು ಕುಡಿ" ಎಂದರು ಪೆಲ್ಹಮ್. "ಬರೆದಾದ್ರೂ ಕೊಡು."

ಎಲ್ಲರೂ ನಕ್ಕರು, ಜೋಲೀನ್ ಬಿಟ್ಟು. ತರಗತಿ ಮುಗಿದ ಮೇಲೆ ಅವಳು ಟ್ರೆವ್‌ನ ತೋಳು ಹಿಡಿದು, "ಇದು ನಿನಗೆ ತಮಾಷೆ. ಸಿಕ್ಕಿಬಿದ್ರೆ ನೀನು ಟ್ರಕ್ಕು ಓಡಿಸ್ತೀಯ, ನಾನೇನು ಮಾಡ್ಲಿ?" ಎಂದಳು. ಅವನು ಟೋಪಿ ತಿರುಗಿಸಿ ಹಾಕಿಕೊಂಡು ಹೋದ. ಅವಳು ಉಳಿದು, ಬಿದ್ದಿದ್ದ ದಿಂಬನ್ನು ಕೋಟಿನೊಳಗೆ ಸರಿಮಾಡಿ ಗುಂಡಿ ಹಾಕಿದಳು, ಚಿಕ್ಕ ಮಗುವಿಗೆ ಹಾಕುವ ಹಾಗೆ.

ಸೆಪ್ಟೆಂಬರ್ ೩೦, ಮಂಗಳವಾರ

ಮೊದಲ ಪ್ರಬಂಧಗಳನ್ನು ಕಳಿಸಬೇಕಿತ್ತು. ಬರೆಯದವರ ಹೆಸರನ್ನು ತೆಗೆದುಬಿಡುತ್ತಾರೆ, ಆಗ ನಾವು ಮತ್ತೆ ಮೂವರು. ಡೀನಾಳದನ್ನು ನಾನೇ ಗ್ರಂಥಾಲಯದಲ್ಲಿ ಟೈಪ್ ಮಾಡಿದೆ: ಊರಿನ ಉತ್ತರಕ್ಕೆ ಗಾಳಿ ತಡೆಯಲು ಯಾರೋ ನೆಟ್ಟ ಮರಗಳ ಸಾಲು, ಆ ಮನೆ ಹೋಗಿ ಎಷ್ಟೋ ಕಾಲವಾದರೂ ಮರಗಳು ಇನ್ನೂ ಯಾವುದನ್ನೋ ಕಾಯುತ್ತಿರುವುದು. ಬೇಗ ಮುಗಿಯಿತು. ಕೆಲವು ತಪ್ಪುಗಳನ್ನು ಬೇಕೆಂದೇ ಬಿಟ್ಟೆ. ಹದಿನೇಳು ವರ್ಷದವಳು ಎಲ್ಲಿ ತಪ್ಪುತ್ತಾಳೆಂದು ಯೋಚಿಸುವುದು ಬರೆಯುವುದಕ್ಕಿಂತ ಕಷ್ಟವಾಯಿತು.

ವೇಯ್ನ್‌ಗೆ ಹೇಳಿಲ್ಲ. ಲಕೋಟೆಯನ್ನು ತೂಗಿ ನೋಡಿ, "ಎಲ್ರೂ ಬರ್ದವ್ರಾ?" ಎಂದ.

"ಎಲ್ರೂ."

"ಒಳ್ಳೇದಾಯ್ತು" ಎಂದು ಸಿಪ್ಪೆ ಉಗಿದ. ಅವನಿಗೆ ತಿಳಿಯಬೇಕಾದದ್ದು ಎಷ್ಟೋ ಅಷ್ಟೇ ತಿಳಿದುಕೊಳ್ಳುವುದು ಅವನಿಗೆ ಗೊತ್ತು.

ಅಕ್ಟೋಬರ್ ೯, ಗುರುವಾರ

ಒಂದು ಸಣ್ಣ ವಿಷಯ. ಪೆಲ್ಹಮ್ ಮರಗಳ ಪ್ರಬಂಧವನ್ನು ಹೊಗಳಿ, "ಡೀನಾ, ಆ ಮರಗಳು ಏನನ್ನ ಕಾಯ್ತಿವೆ ಅಂತ ನಿನಗನ್ಸುತ್ತೆ?" ಎಂದು ಕೇಳಿದರು. ಟ್ರೆವ್ ಇವತ್ತು ಬಂದಿರಲಿಲ್ಲ. ಜೋಲೀನ್ ನನ್ನ ಕಡೆ ನೋಡಿದಳು. ಯಾರೂ ಎದ್ದಿಲ್ಲ, ಯಾರೂ ಗುಂಡಿ ಮುಟ್ಟಿಲ್ಲ. ಕ್ಯಾಮೆರಾ ತಾನೇ ಹೊರಳಿ ಕುರ್ಚಿಯ ಮುಂದೆ ನಿಂತು, ಮಸೂರವನ್ನು ಹಿಂದೆ ಮುಂದೆ ಮಾಡಿ ಮುಖ ಹುಡುಕಿತು.

ನಾನು ಮೂಲೆಯಿಂದಲೇ ಹೇಳಿದೆ: "ಆ ಮನೇನೇ ಕಾಯ್ತಿವೆ ಮೇಡಂ. ಅದು ಈಗ ಇಲ್ಲ ಅಂತ ಅವುಗಳಿಗೆ ಯಾರೂ ಹೇಳಿಲ್ಲ."

ಅಷ್ಟು ದೂರದ ಮಾತು ಮೈಕಿಗೆ ಸಿಗಬಾರದಿತ್ತು. ಸಿಕ್ಕಿತು. ಪರದೆಯಲ್ಲಿ ಪೆಲ್ಹಮ್ ತಲೆಯಾಡಿಸಿದರು. "ಗಂಟಲು ವಾಸಿಯಾಯ್ತಲ್ಲ" ಎಂದರು.

ತಂತಿಯಲ್ಲಿ ದೋಷವಿರಬಹುದು ಎಂದು ವೇಯ್ನ್‌ಗೆ ಹೇಳಿದ್ದೇನೆ. ನೋಡುತ್ತೇನೆ ಎಂದ. ನೋಡುವುದಿಲ್ಲ.

ಅಕ್ಟೋಬರ್ ೨೩, ಗುರುವಾರ

ಆಗ್ನೆಸ್ ಹ್ರೂಬಿ ಗುರುವಾರಗಳಲ್ಲಿ ಶಾಲೆಯ ಅಡುಗೆಮನೆಗೆ ಕೊಲಾಚ್ ತರುತ್ತಾಳೆ, ಪ್ಲಮ್ ಹಣ್ಣಿನ ಗೊಜ್ಜು ತುಂಬಿ ಬೇಯಿಸಿದ ಸಿಹಿ ಬನ್ನು. ಇವತ್ತು ಖಾಲಿ ತಟ್ಟೆ ಹಿಡಿದು ಹೋಗುವವಳು ನಮ್ಮ ಬಾಗಿಲಲ್ಲಿ ನಿಂತಳು. ಕೋಣೆಯನ್ನು ನೋಡಲಿಲ್ಲ, ನೇರವಾಗಿ ಟಿವಿಯನ್ನು ನೋಡಿದಳು. ಮೂಲೆಯ ಚೌಕದಲ್ಲಿ ನಾಲ್ಕು ಚಿಕ್ಕ ಆಕಾರಗಳು.

"ಗೂನು ಹಾಕ್ಕೊಂಡು ಕೂತವ್ಳೆ ನೋಡು" ಎಂದಳು, ಗಟ್ಟಿಯಾಗಿಯೇ. "ಬೆನ್ನು ನೆಟ್ಟಗ್ ಮಾಡೇ!"

ಟ್ರೆವ್‌ನ ಮುಖದಲ್ಲಿ ತಮಾಷೆಯೊಂದು ಹುಟ್ಟಿ ಅಲ್ಲೇ ಸತ್ತಿತು. ಎದ್ದು ಆಕೆಗೆ ತನ್ನ ಕುರ್ಚಿ ಕೊಟ್ಟ.

ಅದೇ ಹೊತ್ತಿಗೆ ಪೆಲ್ಹಮ್ ಎರಡನೆಯ ಪ್ರಬಂಧಗಳಲ್ಲಿ ಒಂದನ್ನು ಓದಲು ಎತ್ತಿಕೊಂಡರು. ಡೀನಾಳದು. ಸುಂಟರಗಾಳಿ ಬಂದ ಒಂದು ಮಧ್ಯಾಹ್ನ ಅಜ್ಜಿ ಮೊಮ್ಮಗಳು ನೆಲಮಾಳಿಗೆಯಲ್ಲಿ ಕೂತಿರುವುದು, ಮೇಲೆ ಮನೆ ಅಲುಗಾಡುವುದು, ಮಗು ಹೆದರದಿರಲೆಂದು ಅಜ್ಜಿ ಮಡಿಲಲ್ಲಿದ್ದ ಬೆಕ್ಕಿನ ಮರಿಗಳಿಗೆ ಒಂದೊಂದಾಗಿ ಹೆಸರಿಡುವುದು. ಕೊನೆಯ ಮರಿಗೆ ಲುಡ್ಮಿಲಾ ಎಂದು. ಅದನ್ನು ಟೈಪ್ ಮಾಡುವಾಗ ಅಲ್ಲಿಗೆ ಒಂದು ಹೆಸರು ಬೇಕಿತ್ತು, ಬಂತು, ಹಾಕಿದೆ. ನಮ್ಮ ಮನೆಯಲ್ಲಿ ನೆಲಮಾಳಿಗೆ ಇರಲಿಲ್ಲ.

ಆಗ್ನೆಸ್ ಮಡಿಲ ತಟ್ಟೆಯನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದಳು. ಓದಿ ಮುಗಿದ ಮೇಲೆ ಯಾರ ಕಡೆಗೂ ತಿರುಗದೆ ಹೇಳಿದಳು: "ನನ್ ಮೊದಲನೇ ಕೂಸು. ಎರಡು ದಿನ ಇತ್ತು. ಗಂಡಂಗೂ ಆ ಹೆಸರು ಹೇಳಿರ್ಲಿಲ್ಲ. ಕೆಳಗೆ ಕೂತಿದ್ದಾಗ ಇವಳೊಬ್ಬಳಿಗೇ ಹೇಳಿದ್ದು."

ಆಮೇಲೆ ಎದ್ದು, ಹಿಂದಿನ ಸಾಲಿಗೆ ಹೋಗಿ, ಕೋಟಿನ ಭುಜದ ಮೇಲೆ ಕೈಯಿಟ್ಟಳು. ದಿಂಬು ತಗ್ಗಿತು. "ಸ್ವಲ್ಪ ಮೈ ಬಂದಿದೆ. ಒಳ್ಳೇದೇ" ಎಂದು ಹೊರಟುಹೋದಳು.



ಅಕ್ಟೋಬರ್ ೨೮, ಮಂಗಳವಾರ

ಹಿಮ ಬಿದ್ದು ಬಾಯ್ಲರು ಕೆಟ್ಟಿತು. ಕೋಣೆಯಲ್ಲಿ ಉಸಿರು ಕಾಣುತ್ತಿತ್ತು. ಕೈ ಮರಗಟ್ಟಿ, ದಿಂಬುಗಳನ್ನು ತೆಗೆದಿಟ್ಟು ಕೋಟು ಹಾಕಿಕೊಂಡು ಅಲ್ಲೇ ಕೂತೆ. ವೇಯ್ನ್ ತಂದಿಟ್ಟ ಒಂದೇ ಒಂದು ಹೀಟರ್ ಆ ಕುರ್ಚಿಯ ಹತ್ತಿರ ಇತ್ತು, ಅಷ್ಟಕ್ಕೇ. ಕೋಟು ಹಿಡಿಯುತ್ತದೆ ಎಂದು ಎಣಿಸಿರಲಿಲ್ಲ. ತೋಳು ಕೂಡ ಸರಿಯಾಗಿತ್ತು.

ಜೋಲೀನ್ ತಿರುಗಿ ನೋಡಿ, "ಹೀಗೇ ಇರಿ ಮಿಸೆಸ್ ಆಂಡ್ರಿಸ್, ದಿಂಬಿಗಿಂತ ಚೆನ್ನಾಗಿ ಕಾಣ್ತೀರ" ಎಂದಳು.

"ದಿಂಬು ಇಷ್ಟು ಮಾತಾಡ್ತಿರ್ಲಿಲ್ಲ" ಎಂದ ಟ್ರೆವ್.

ಹಿಂದಿನ ಸಾಲಿನಿಂದ ಪರದೆ ಬೇರೆಯಾಗಿ ಕಾಣುತ್ತದೆ. ಮೂಲೆಯಿಂದ ನೋಡುವಾಗ ಪೆಲ್ಹಮ್ ಯಾವಾಗಲೂ ಬೇರೆ ಯಾರನ್ನೋ ನೋಡುತ್ತಿದ್ದರು. ಇಲ್ಲಿಂದ ನೇರ ಕಣ್ಣಿಗೆ ಸಿಗುತ್ತಾರೆ. ಅಲ್ಪವಿರಾಮದ ಬಗ್ಗೆ ಹೇಳಿದ್ದನ್ನು ಬರೆದುಕೊಂಡೆ.

ನವೆಂಬರ್ ೬, ಗುರುವಾರ

ಬಾಯ್ಲರು ಸರಿಹೋಗಿದೆ. ಹೀಟರನ್ನು ವೇಯ್ನ್ ವಾಪಸು ಒಯ್ದ.

ಮೂರನೆಯ ಪ್ರಬಂಧಕ್ಕೆ ಬಿ ಮೈನಸ್. "ಇದರಲ್ಲಿ ನಿನಗಿಂತ ಹಿರಿಯರೊಬ್ಬರ ದನಿ ಕೇಳಿಸುತ್ತಿದೆ, ಅದನ್ನು ಬಿಡು" ಎಂದು ಬರೆದಿದ್ದಾರೆ. ಇಡೀ ದಿನ ಬೇಸರ. ಟ್ರೆವ್‌ಗೆ ಸಿ ಪ್ಲಸ್, ಅವನು ಕುಣಿಯುತ್ತಿದ್ದ. "ಏ, ಮುಖ ಯಾಕೆ ಹಂಗ್ ಮಾಡ್ಕೊಂಡಿದೀಯ, ಚೂಯಿಂಗ್ ಗಮ್ ಬೇಕಾ?" ಎಂದ. ತೆಗೆದುಕೊಂಡೆ.

ನವೆಂಬರ್ ೧೩, ಗುರುವಾರ

ಮುಂದಿನ ವಾರ ಪೆಲ್ಹಮ್ ಇಲ್ಲಿಗೇ ಬರುತ್ತಾರೆ. ಪ್ರತಿ ಊರಿಗೂ ಒಮ್ಮೆ ಬಂದು ಅಲ್ಲಿಂದಲೇ ಪಾಠ ಮಾಡುವುದು ಅವರ ಪದ್ಧತಿಯಂತೆ. ನಮಗೆ ಯಾರೂ ಹೇಳಿರಲಿಲ್ಲ.

ವೇಯ್ನ್ ಕೋಣೆಯ ಬಾಗಿಲು ಹಾಕಿ ಎಲ್ಲರನ್ನೂ ಕೂರಿಸಿದ. "ಡೀನಾಗೆ ಜ್ವರ. ಅಷ್ಟೇ. ಯಾರೂ ಜಾಸ್ತಿ ಮಾತಾಡ್ಬೇಡಿ."

"ಜ್ವರ ಬಂದ್ರೆ ಮನೆಗೆ ಹೋಗಿ ನೋಡ್ತೀನಿ ಅಂದ್ರೆ?" ಎಂದ ಬ್ರೈಸ್. ಈ ಕೋಣೆಯಲ್ಲಿ ಅವನು ಆಡಿದ ಮೊದಲ ವಾಕ್ಯ ಇರಬೇಕು.

"ಅಂಟು ಜ್ವರ ಅನ್ನು."

ಜೋಲೀನ್ ಉಗುರು ಕಚ್ಚುತ್ತಿದ್ದಳು. ಮೂವರೇ ಎಂದು ಗೊತ್ತಾದರೆ ಇಲ್ಲಿಯವರೆಗಿನ ಎಲ್ಲರ ಅಂಕವೂ ರದ್ದು, ನರ್ಸಿಂಗ್ ಶಾಲೆಗೂ ಪತ್ರ ಹೋಗುತ್ತದೆ. ಅವಳ ಮೊಣಕೈ ಮುಟ್ಟಿ, "ಏನೂ ಆಗಲ್ಲ ಕಣೇ" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು, ಬಿಡಲಿಲ್ಲ. ವೇಯ್ನ್ ನಮ್ಮಿಬ್ಬರ ಕೈಗಳನ್ನು ನೋಡಿದ, ಏನೋ ಹೇಳಹೊರಟು ಬೀಜ ಬಾಯಿಗೆ ಹಾಕಿಕೊಂಡ.

ನವೆಂಬರ್ ೨೦, ಗುರುವಾರ

ಇದನ್ನು ಕ್ರಮವಾಗಿ ಬರೆಯಬೇಕು.

ಇವತ್ತು ಮೂಲೆಯಲ್ಲೇ ಕೂರುವುದೆಂದು ನಿರ್ಧರಿಸಿದ್ದೆ. ಬಂದಾಗ ಮೂಲೆಯಲ್ಲಿ ಪೆಲ್ಹಮ್‌ರ ಸಲಕರಣೆ ಪೆಟ್ಟಿಗೆಗಳು ತುಂಬಿದ್ದವು. ಹಿಂದಿನ ಸಾಲಿನಲ್ಲಿ ಕೂತೆ. ಕೋಟು ಕುರ್ಚಿಯ ಮೇಲಿತ್ತು, ಕೂರಬೇಕಾದರೆ ಅದನ್ನು ಎಲ್ಲಾದರೂ ಇಡಬೇಕಲ್ಲ, ಹಾಕಿಕೊಂಡೆ.

ಪೆಲ್ಹಮ್ ಪರದೆಯಲ್ಲಿ ಕಂಡದ್ದಕ್ಕಿಂತ ಗಿಡ್ಡ. ಹಿಮದ ಬೂಟಿನಲ್ಲಿ ನಿಂತು ಎಲ್ಲರ ಕೈ ಕುಲುಕಿದರು. ಮಾತು, ತುಟಿ ಎರಡೂ ಒಂದೇ ಹೊತ್ತಿಗೆ ಬರುತ್ತಿದ್ದುದೇ ಅಸಹಜವಾಗಿ ಕಂಡಿತು.

"ಡೀನಾ ಎಲ್ಲಿ?"

ಬಾಗಿಲಲ್ಲಿದ್ದ ವೇಯ್ನ್ ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವ ಮೊದಲೇ ಜೋಲೀನ್, "ಇಲ್ಲೇ ಇದಾಳಲ್ಲ ಮೇಡಂ" ಎಂದಳು, ಕಿಟಕಿ ತೋರಿಸುವಷ್ಟು ಸಲೀಸಾಗಿ.

ಪೆಲ್ಹಮ್ ನನ್ನ ಹತ್ತಿರ ಬಂದರು. ಐವತ್ತರ ಹತ್ತಿರದವರು ಅವರೂ. ಕಣ್ಣಿನ ಸುತ್ತ ನನ್ನಂತೆಯೇ ಗೆರೆಗಳು. ಆ ಕಣ್ಣು ನನ್ನ ಕೂದಲ ಬಿಳಿಯ ಮೇಲೆ, ಕನ್ನಡಕದ ಮೇಲೆ, ಎದೆಯ ಮೇಲೆ ಹೊಲಿದ ಹೆಸರಿನ ಮೇಲೆ ನಿಧಾನವಾಗಿ ಇಳಿಯಿತು. 

"ಟಿವಿಯಲ್ಲಿ ಕಾಣೋ ಹಾಗೇ ಇದೀಯ" ಎಂದರು. "ಆ ಬೆಕ್ಕಿನ ಮರಿ ಪ್ರಬಂಧ ನನಗೆ ತುಂಬಾ ದಿನ ಕಾಡ್ತು, ಡೀನಾ."

"ಥ್ಯಾಂಕ್ಸ್ ಮೇಡಂ."

"ಮೇಲ್ವಿಚಾರಕರು?"

"ಇವತ್ತು ಬಂದಿಲ್ಲ" ಎಂದ ವೇಯ್ನ್, ತನ್ನ ಬೂಟು ನೋಡುತ್ತಾ.

ಪಾಠ ಚೆನ್ನಾಗಿತ್ತು. ಮುಗಿದ ಮೇಲೆ ವೇಯ್ನ್ ನನ್ನನ್ನು ನಡುಹಾದಿಯಲ್ಲಿ ಹಿಡಿದು, "ಹೆದರ್ಬೇಡಿ ಲೊರೇನ್, ಅವರ ಕಾಲೇಜಿಗೂ ತಲೆ ಬೇಕು. ಐದು ಊರಿನಲ್ಲಿ ಒಂದು ಚೌಕ ಆರಿದ್ರೆ ಆಯಮ್ಮನ ತರಗತೀನೂ ಆರುತ್ತೆ. ಕಂಡೂ ಕಾಣದ ಹಾಗೆ ಹೋದ್ರು" ಎಂದ. ಇರಬಹುದು. ಅವನು ಆ ಮುಖವನ್ನು ಹತ್ತಿರದಿಂದ ನೋಡಿಲ್ಲ. ಅದರಲ್ಲಿ ಕಂಡೂ ಕಾಣದಂತಿರುವ ಪ್ರಯತ್ನ ಇರಲಿಲ್ಲ.

ಟ್ರೆವ್ ಶಾಲೆಯ ಮೆಟ್ಟಿಲಲ್ಲಿ ಒಬ್ಬನೇ ನಿಂತಿದ್ದ. "ಇದು ನನಗೆ ಇಷ್ಟ ಆಗ್ತಿಲ್ಲ" ಎಂದ. ಯಾರಿಗೆ ಹೇಳಿದನೋ. ನನ್ನ ಮುಖ ನೋಡಲಿಲ್ಲ.

ನವೆಂಬರ್ ೨೭, ಗುರುವಾರ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಆಗ್ನೆಸ್ ಕರೆದಿದ್ದಳು. ಟರ್ಕಿ ಕೋಳಿ ಚಿಕ್ಕದು, ಬಾತುಕೋಳಿಯೂ ಇತ್ತು, ಹುಳಿ ಎಲೆಕೋಸು, ಹಿಟ್ಟಿನ ಮುದ್ದೆ. ಇಬ್ಬರೇ. ಎರಡನೆಯ ಸಲ ಬಡಿಸುವಾಗ ಕೇಳಲಿಲ್ಲ, ಹಾಕಿದಳು.

"ನಿಮ್ಮಮ್ಮ ಫೋನ್ ಮಾಡಿದ್ಲಾ?" ಎಂದಳು.

ನನ್ನ ತಾಯಿ ತೀರಿಕೊಂಡು ಬಹಳ ಕಾಲವಾಯಿತು. ಆಗ್ನೆಸ್ ಆ ದಿನ ಮಣ್ಣಿಗೆ ಬಂದಿದ್ದಳು. ಇಲ್ಲ ಎಂದೆ. ಅದು ನಿಜವೇ.

"ಮಾಡಲ್ಲ ಬಿಡು. ಅವಳು ಹಂಗೇ. ತಿನ್ನು."

ಹೊರಗೆ ಹಿಮ ಜೋರಾಯಿತು. ರಸ್ತೆ ಮುಚ್ಚಿದರೆ ಎಂದು ಉಳಿದುಕೊಂಡೆ. ಮೇಲಿನ ಕೋಣೆಯ ಹಾಸಿಗೆ ಹಾಸಿಯೇ ಇತ್ತು. ಹೊದಿಕೆ ಕಾಲಿಗೆ ಸಾಲುತ್ತಿರಲಿಲ್ಲ, ಮಂಡಿ ಮಡಿಸಿ ಮಲಗಿದರೆ ಸಾಲುತ್ತದೆ.

ಡಿಸೆಂಬರ್ ೪, ಗುರುವಾರ

ಪರೀಕ್ಷೆ ಮುಂದಿನ ವಾರ. ಜೋಲೀನ್ ಅಜ್ಜಿಯ ಮನೆಗೇ ಬಂದಿದ್ದಳು, ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಓದಿದೆವು. ಅವಳಿಗೆ ವಾದ ಮಂಡಿಸುವ ಪ್ರಬಂಧ ಬರುವುದೇ ಇಲ್ಲ, ಎದುರಾಳಿಯ ಮಾತನ್ನು ತಾನೇ ಒಪ್ಪಿಬಿಡುತ್ತಾಳೆ. "ನರ್ಸ್ ಆಗೋಳಿಗೆ ಜಗಳ ಯಾಕೆ" ಎನ್ನುತ್ತಾಳೆ. ಎಷ್ಟು ನಕ್ಕೆವೆಂದರೆ ಅಜ್ಜಿ ಸೌಟು ತೋರಿಸಿದರು.

ಹೋಗುವಾಗ ಬಾಗಿಲಲ್ಲಿ ಅವಳು ದನಿ ತಗ್ಗಿಸಿ, "ಮಿಸೆಸ್ ಆಂಡ್ರಿಸ್, ಪರೀಕ್ಷೆ ಆದ್ಮೇಲೆ ನಿಮ್ಮನೆಗೆ ಹೋಗ್ತೀರ ತಾನೆ?" ಎಂದು ಕೇಳಿದಳು. ಕಣ್ಣಲ್ಲಿ ನೀರಿದ್ದ ಹಾಗಿತ್ತು. ಚಳಿಗಾಳಿ ಇರಬೇಕು. ಯಾಕೆ ಹಾಗೆ ಕೇಳಿದಳೋ. ಪರೀಕ್ಷೆಯ ಭಯಕ್ಕೆ ಮಕ್ಕಳು ಏನೇನೋ ಮಾತಾಡುತ್ತಾರೆ.

ಗ್ರಂಥಾಲಯ ಮೂರು ದಿನದಿಂದ ಮುಚ್ಚಿದೆ ಎಂದು ವೇಯ್ನ್ ಗೊಣಗಿದ. ಮಿಸೆಸ್ ಆಂಡ್ರಿಸ್ ಹೀಗೆ ಮಾಡುವವರಲ್ಲ.

ಡಿಸೆಂಬರ್ ೧೧, ಗುರುವಾರ

ಪರೀಕ್ಷೆ ಬರೆದೆ. ಕೈ ನೋಯುತ್ತಿದೆ. ಕೊನೆಯ ಪ್ರಶ್ನೆಗೆ ಹೊತ್ತು ಸಾಲಲಿಲ್ಲ.

ಡಿಸೆಂಬರ್ ೧೯, ಶುಕ್ರವಾರ

ಫಲಿತಾಂಶ ಬಂತು. ಜೋಲೀನ್‌ಗೆ ಬಿ. ನಡುಹಾದಿಯಲ್ಲಿ ಕಿರುಚಿಕೊಂಡು ಓಡಿದಳು, ವೇಯ್ನ್‌ನನ್ನು ತಬ್ಬಿ ಅವನ ಬೀಜದ ಪೊಟ್ಟಣ ಚೆಲ್ಲಿದಳು. ನರ್ಸಿಂಗ್ ಶಾಲೆಯ ಜಾಗ ಅವಳದಾಯಿತು. ಟ್ರೆವ್, ಬ್ರೈಸ್ ಇಬ್ಬರೂ ದಾಟಿದರು. ಡೀನಾ ಹ್ರೂಬಿಗೆ ಎ.

ಇನ್ನು ತಲೆ ಎಣಿಸುವವರಿಲ್ಲ. ವೇಯ್ನ್ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು, "ಮುಗೀತಲ್ಲ ಲೊರೇನ್. ಆ ಕೋಟು ಆಗ್ನೆಸ್‌ಗೆ ಕೊಟ್ಟು ಮನೆಗೆ ಹೋಗಿ. ದಯವಿಟ್ಟು" ಎಂದ. ದಯವಿಟ್ಟು ಎನ್ನುವುದು ಅವನ ಮಾತಿನಲ್ಲಿ ಇರುವ ಪದವಲ್ಲ. ಜನವರಿಯಲ್ಲಿ ಎರಡನೆಯ ಭಾಗ ಶುರುವಾಗುತ್ತದೆ, ಪೆಲ್ಹಮ್ ನನ್ನನ್ನು ವಿಶೇಷವಾಗಿ ಕೇಳಿದ್ದಾರೆ, ಸಾಹಿತ್ಯ ಓದಿಸುತ್ತಾರಂತೆ ಎಂದೆ. ಅವನು ತಿರುಗಿ ಹೊರಟುಹೋದ.

ಮಧ್ಯಾಹ್ನ ಶಾಲೆ ಖಾಲಿಯಾಗಿತ್ತು. ಕಚೇರಿಯ ಫೋನು ಬಹಳ ಹೊತ್ತು ಬಡಿದುಕೊಂಡಿತು. ಎತ್ತಿದೆ.

"ಕೋಲ್ಟರ್ ಫ್ಲಾಟ್ ಸ್ಕೂಲಾ? ಯಾರು, ಮಿಸೆಸ್ ಆಂಡ್ರಿಸ್ಸಾ?" ಹುಡುಗಿಯ ದನಿ. ಹಿಂದೆ ಲಾರಿಗಳ ಸದ್ದು. "ಅಯ್ಯೋ ದೇವರೇ, ಸದ್ಯ ನೀವು ಸಿಕ್ಕಿದ್ರಿ. ನಾನು ಡೀನಾ."

"ಹೇಳಿ" ಎಂದೆ.

"ಅಮ್ಮ ನನ್ನ ಇಲ್ಲಿ ಬಿಟ್ಟು ಆ ಮನುಷ್ಯನ ಜೊತೆ ಹೋಗಿಬಿಟ್ಟಿದಾಳೆ. ವಯೋಮಿಂಗಿನ ರಾಕ್ ಸ್ಪ್ರಿಂಗ್ಸ್‌ನಲ್ಲಿದೀನಿ, ಪೆಟ್ರೋಲ್ ಬಂಕ್‌ನಲ್ಲಿ. ಅಜ್ಜಿಗೆ ಫೋನ್ ಮಾಡಿದೆ, ಅಜ್ಜಿ..." ದನಿ ನಿಂತಿತು. "ಅಜ್ಜಿ 'ಡೀನಾ ಸ್ಕೂಲಿಗೆ ಹೋಗಿದಾಳೆ, ನೀನ್ಯಾರು' ಅಂತ ಇಟ್ಬಿಟ್ರು. ಎರಡು ಸಲ. ಅಜ್ಜಿಗೆ ಏನಾಗಿದೆ ಮಿಸೆಸ್ ಆಂಡ್ರಿಸ್? ನೀವು ಹೋಗಿ ಹೇಳಿ. ನಾನೇ ಅಂತ ಹೇಳಿ. ಯಾರಾದ್ರೂ ಬಂದು ಕರ್ಕೊಂಡು ಹೋಗಿ, ನನಗೆ ಇಲ್ಲಿ ಯಾರೂ ಗೊತ್ತಿಲ್ಲ."

ಅಳುತ್ತಿತ್ತು ಮಗು. ನಾನು ಆದಷ್ಟು ಮೆದುವಾಗಿ ಮಾತಾಡಿದೆ. ಅಜ್ಜಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾರೆ, ಹಬ್ಬಕ್ಕೆ ಹಿಟ್ಟು ಕಲಸುತ್ತಿದ್ದಾರೆ ಎಂದೆ. ಡೀನಾ ಒಂದು ದಿನವೂ ತರಗತಿ ತಪ್ಪಿಸಿಲ್ಲ, ಎ ಬಂದಿದೆ, ಜನವರಿಗೂ ಹೆಸರು ಕೊಟ್ಟಾಗಿದೆ ಎಂದೆ. ಯಾರ ಹತ್ತಿರವಾದರೂ ವಿಚಾರಿಸಬಹುದು, ನಾವೆಲ್ಲ ದಿನವೂ ನೋಡುತ್ತೇವೆ. ಹೀಗೆ ಬೇರೆಯವರ ಹೆಸರು ಹೇಳಿಕೊಂಡು ವಯಸ್ಸಾದವರನ್ನು ಗಾಬರಿ ಮಾಡಬಾರದು, ನಿನ್ನ ನಿಜವಾದ ಹೆಸರು ಹೇಳು, ನಿನ್ನವರು ಯಾರೆಂದು ಹೇಳು, ಅವರಿಗೆ ತಿಳಿಸುತ್ತೇನೆ ಎಂದೆ.

 ಆ ಕಡೆಯಿಂದ ಬಹಳ ಸಣ್ಣದಾಗಿ, "ನಿಮ್ಮ ದನಿ ಯಾಕೆ ಹೀಗಿದೆ?" ಎಂದಳು. ಆಮೇಲೆ ಲಾರಿಯ ಸದ್ದೂ ಇಲ್ಲ.

 ಮನೆಗೆ ಬಂದು ಅಜ್ಜಿಗೆ ಹೇಳಿದರೆ, "ಹೂಂ, ಬೆಳಗ್ಗೆಯಿಂದ ಯಾವುದೋ ಹುಡುಗಿ" ಎಂದು ತಲೆಯೆತ್ತದೆ ಹಿಟ್ಟು ನಾದಿದರು. ಹೊರಗೆ ಮತ್ತೆ ಹಿಮ ಶುರುವಾಗಿದೆ. ಪಶ್ಚಿಮದ ದಾರಿಗಳನ್ನೆಲ್ಲ ಮುಚ್ಚಿದ್ದಾರೆಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಬರೆಯಲು ಕೂತವಳಿಗೆ ಆ ದನಿ ಕಿವಿಯಿಂದ ಹೋಗುತ್ತಿಲ್ಲ. ಅಷ್ಟು ದೂರದಲ್ಲಿ, ಅಷ್ಟು ಚಿಕ್ಕವಳು, ಒಬ್ಬಳೇ. ಯಾರಾದರೂ ಹೋಗಿ ಕರೆತರಬೇಕಲ್ಲವೇ ಅಂಥವರನ್ನು? ಹೆಸರು ಹೇಳುವ ಮೊದಲೇ ಇಟ್ಟುಬಿಟ್ಟೆಯಲ್ಲ ಮಗೂ, ಯಾರ ಮನೆಯ ಹುಡುಗಿ ನೀನು?